ಅಪ್ಪಿಯ ಹೆದ್ದಾರಿಯ ನಿರ್ಮಾತೃ ಅಪ್ಪಿಯಸ್ ಕ್ಲಾಡಿಯಸ್

ಪ್ರೇಷಿತರ ಕಾರ್ಯಕಲಾಪಗಳ ಕೊನೆಯ ಅಧ್ಯಾಯವನ್ನು ಓದಿದವರಿಗೆ ಅಪ್ಪಿಯ ಪೇಟೆ ಎಂಬ ಸ್ಥಳನಾಮ ಹೊಸತಲ್ಲ. ಸೆರೆಯಾಳಾಗಿ ರೋಮಾಪುರಿಗೆ ಒಯ್ಯಲ್ಪಡುತ್ತಿದ್ದ ಸಂತ ಪೌಲರನ್ನು ಎದುರುಗೊಳ್ಳಲು ಅಲ್ಲಿಯ ಕ್ರೈಸ್ತ ಸಹೋದರರು ಹೊರಟುಬಂದುದು ಆ ಊರಿನವರೆಗೆ. ಅವರನ್ನು ಕಂಡು ಪ್ರೇಷಿತರು ದೇವರಿಗೆ ಸ್ತೋತ್ರ ಸಲ್ಲಿಸಿ ಧೈರ್ಯಗೊಂಡರೆಂದು ಸಂತ ಲೂಕರು ಬರೆದಿದ್ದಾರೆ. ಪವಿತ್ರ ಗ್ರಂಥದಲ್ಲಿ ಹೀಗೆ ಒಮ್ಮೆ ಮಾತ್ರ ಕಾಣಿಸಿಕೊಂಡು ಮರೆಯಾಗುವ ಈ ಹೆಸರಿನ ಹಿಂದೆ ಒಬ್ಬ ಮನುಷ್ಯನ ದೀರ್ಘವಾದ ಬಾಳು ಅಡಗಿದೆ. ಆತನು ಕ್ರಿಸ್ತಜಯಂತಿಗೆ ಮೂರು ಶತಮಾನಗಳ ಮೊದಲು ಬಾಳಿದವನು, ನಿಜದೇವರ ಅರಿವಿಲ್ಲದವನು, ಗರ್ವಿಷ್ಠನೆಂದು ಹೆಸರಾದವನು. ಆದರೂ ಆತನು ಕಟ್ಟಿಸಿದ ಹಾದಿ ಇಂದಿಗೂ ಇದೆ, ಮತ್ತು ಆ ಹಾದಿಗೂ ನಮ್ಮ ಧರ್ಮಸಭೆಯ ಆದಿಕಾಲಕ್ಕೂ ಗಾಢವಾದ ಸಂಬಂಧವಿದೆ. ಆದಕಾರಣ ಆತನ ಜೀವನವನ್ನು ಅರಿತುಕೊಳ್ಳುವುದು ಉಚಿತವಾಗಿದೆ.

ರೋಮಾಪುರಿಗೆ ಯಾತ್ರೆ ಹೋದವರು ಸಾಮಾನ್ಯವಾಗಿ ಕೊಲೋಸಿಯಮ್ ರಂಗಮಂದಿರವನ್ನೂ ಪ್ಯಾಂಥಿಯನ್ ಮಂದಿರವನ್ನೂ ನೋಡಿ, ರೋಮನರ ಪುರಾತನ ಶಿಲ್ಪವೆಂದರೆ ಇವೇ ಎಂದು ತಿಳಿದು ಹಿಂದಿರುಗುತ್ತಾರೆ. ವಾಸ್ತವವಾಗಿ ಅವೆರಡೂ ಚಕ್ರವರ್ತಿಗಳ ಕಾಲದವು. ಕೊಲೋಸಿಯಮ್ ಉದ್ಘಾಟನೆಯಾದದ್ದು ಕ್ರಿ.ಶ. 80ರಲ್ಲಿ, ಈಗಿರುವ ಪ್ಯಾಂಥಿಯನ್ ಹೇಡ್ರಿಯನ್ ಚಕ್ರವರ್ತಿಯ ಕಾಲದ್ದು. ಇವುಗಳಿಗಿಂತ ಎಷ್ಟೋ ಹಳೆಯ ಕಟ್ಟಡಗಳ ಅವಶೇಷಗಳು ಆ ನಗರದಲ್ಲಿವೆ. ಕ್ಯಾಪಿಟೊಲಿನ್ ಗುಡ್ಡದ ವಸ್ತುಸಂಗ್ರಹಾಲಯದೊಳಗೆ ಗುರುದೇವತೆಯಾದ ಜ್ಯುಪಿಟರನ ಮಂದಿರದ ಬೃಹತ್ತಾದ ತಳಪಾಯವಿದೆ. ಅದು ಕ್ರಿಸ್ತಪೂರ್ವ ಆರನೆಯ ಶತಮಾನದ್ದು. ಅದೇ ಗುಡ್ಡದ ಅಡಿಯಲ್ಲಿ, ಸಂತ ಪೇತ್ರ ಮತ್ತು ಸಂತ ಪೌಲರು ಸೆರೆಯಲ್ಲಿದ್ದರೆಂದು ಪರಂಪರೆ ಹೇಳುವ ನೆಲದಡಿಯ ಕತ್ತಲೆಕೋಣೆಯಿದೆ. ಊರಿನ ಕೊಳಚೆ ನೀರನ್ನು ಟೈಬರ್ ನದಿಗೆ ಸಾಗಿಸುತ್ತಿದ್ದ ಮಹಾಚರಂಡಿಯಿದೆ. ದೊಡ್ಡ ರೈಲು ನಿಲ್ದಾಣದ ಹೊರಗೆ, ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಜೋಡಿಸಿದ ಕೋಟೆಗೋಡೆಯ ಕಲ್ಲುಗಳು ಇನ್ನೂ ನಿಂತಿವೆ.

ಈ ಪುರಾತನ ಕಾಮಗಾರಿಗಳ ಪೈಕಿ ಹೆಚ್ಚಿನವನ್ನು ರೋಮನರು ತಮ್ಮ ಆದಿಕಾಲದ ಅರಸರ ಹೆಸರಿಗೆ ಜೋಡಿಸಿದ್ದರು. ಆ ಅರಸರ ಚರಿತ್ರೆಯಲ್ಲಿ ದಂತಕಥೆಯ ಪಾಲೇ ಅಧಿಕ. ಕಟ್ಟಿಸಿದವನ ಕಾಲ, ಕುಲ, ಗುಣದೋಷಗಳೆಲ್ಲ ಒಂದುಮಟ್ಟಿಗೆ ಸ್ಪಷ್ಟವಾಗಿ ತಿಳಿದುಬರುವುದು ಅಪ್ಪಿಯಸ್ ಕ್ಲಾಡಿಯಸನ ಹೆದ್ದಾರಿ ಮತ್ತು ನೀರುಗಾಲುವೆಗಳಿಂದ ಮೊದಲ್ಗೊಂಡು. ಅವೆರಡೂ ಆರಂಭವಾದದ್ದು ಕ್ರಿ.ಪೂ. 312ರಲ್ಲಿ.

ಅಪ್ಪಿಯಸನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಮಧ್ಯಭಾಗದಲ್ಲಿ ಕ್ಲಾಡಿಯರೆಂಬ ಕುಲೀನ ವಂಶದಲ್ಲಿ ಜನಿಸಿದನು. ಈ ವಂಶದ ಮೂಲಪುರುಷರು ನೆರೆಯ ಸಬೈನ್ ನಾಡಿನಿಂದ ರೋಮಿಗೆ ವಲಸೆ ಬಂದವರು. ಸಾಮರ್ಥ್ಯಕ್ಕೂ ಅಹಂಕಾರಕ್ಕೂ ಆ ಮನೆತನ ಸಮನಾಗಿ ಪ್ರಸಿದ್ಧವಾಗಿತ್ತು. ಆಗಿನ ರೋಮ್ ವಿಶ್ವಸಾಮ್ರಾಜ್ಯವಾಗಿರಲಿಲ್ಲ. ಇಟಲಿಯ ಹಲವು ಗಣಗಳ ನಡುವೆ ಮೇಲುಗೈಗಾಗಿ ಹೆಣಗುತ್ತಿದ್ದ ಒಂದು ಗಣರಾಜ್ಯವಾಗಿತ್ತು. ದಕ್ಷಿಣದ ಗುಡ್ಡಗಾಡಿನ ಸ್ಯಾಮ್ನೈಟರೊಡನೆ ಕ್ರಿ.ಪೂ. 326ರಲ್ಲಿ ತೊಡಗಿದ ಯುದ್ಧ ಇಪ್ಪತ್ತು ವರ್ಷಗಳಿಗೂ ಮೀರಿ ನಡೆಯಿತು. ಕ್ರಿ.ಪೂ. 321ರಲ್ಲಿ ಕಾಡಿಯಮ್ ಎಂಬಲ್ಲಿಯ ಇಕ್ಕಟ್ಟಾದ ಕಣಿವೆಯಲ್ಲಿ ರೋಮನ್ ಸೇನೆ ಸಿಕ್ಕಿಬಿದ್ದು ಶರಣಾಯಿತು. ಆಯುಧಗಳನ್ನು ಕಳಚಿಟ್ಟು, ಈಟಿಗಳಿಂದ ಮಾಡಿದ ನೊಗದ ಅಡಿಯಲ್ಲಿ ಸೈನಿಕರು ತಲೆ ತಗ್ಗಿಸಿ ಹಾದುಹೋಗಬೇಕಾಯಿತು. ಆ ಅಪಮಾನವನ್ನು ಆ ತಲೆಮಾರಿನ ಯಾವ ರೋಮನನೂ ಮರೆಯಲಿಲ್ಲ. ಅಪ್ಪಿಯಸನು ಬೆಳೆದು ಪ್ರಾಯಕ್ಕೆ ಬಂದದ್ದು ಇಂತಹ ದಿನಗಳಲ್ಲಿ.

ಕ್ರಿ.ಪೂ. 312ರಲ್ಲಿ ಆತನು ಗೈಯಸ್ ಪ್ಲಾಟಿಯಸನೊಡನೆ ಸೆನ್ಸರ್ ಪದವಿಗೆ ಆಯ್ಕೆಯಾದನು. ಪ್ರಜೆಗಳ ಗಣತಿ ಮಾಡುವುದು, ಸೆನೆಟ್ ಎಂಬ ಹಿರಿಯರ ಸಭೆಯ ಸದಸ್ಯರ ಪಟ್ಟಿಯನ್ನು ತಿದ್ದುವುದು, ಸಾರ್ವಜನಿಕ ಕಾಮಗಾರಿಗಳನ್ನು ಗುತ್ತಿಗೆಗೆ ಕೊಡುವುದು ಇವು ಆ ಅಧಿಕಾರಿಗಳ ಕರ್ತವ್ಯಗಳು. ಅಧಿಕಾರದ ಅವಧಿ ಹದಿನೆಂಟು ತಿಂಗಳು. ಕಾನ್ಸಲ್ ಎಂಬ ಅತ್ಯುನ್ನತ ಪದವಿಯನ್ನು ನಿರ್ವಹಿಸಿದ ಮೇಲೆ ಸೆನ್ಸರ್ ಆಗುವುದು ವಾಡಿಕೆ. ಅಪ್ಪಿಯಸನು ಕಾನ್ಸಲ್ ಆಗುವುದಕ್ಕೆ ಮೊದಲೇ ಆ ಸ್ಥಾನವನ್ನು ಪಡೆದನು.

ಮೊದಲನೆಯದಾಗಿ ಆತನು ನೀರಿನ ಕಡೆಗೆ ಗಮನ ಹರಿಸಿದನು. ಅಲ್ಲಿಯವರೆಗೆ ರೋಮಿನ ಜನರು ಟೈಬರ್ ನದಿ, ಬಾವಿ ಮತ್ತು ಊರಿನೊಳಗಣ ಒರತೆಗಳ ನೀರಿನಿಂದಲೇ ಜೀವನ ಸಾಗಿಸುತ್ತಿದ್ದರು. ಜನಸಂಖ್ಯೆ ಬೆಳೆದಂತೆ ಅದು ಸಾಲದಾಯಿತು. ನಗರದ ಪೂರ್ವಕ್ಕೆ ಇದ್ದ ಬುಗ್ಗೆಗಳ ನೀರನ್ನು ಸುಮಾರು 16 ಕಿಲೋಮೀಟರು ಉದ್ದದ ಕಾಲುವೆಯಲ್ಲಿ ಊರಿಗೆ ತರುವ ಕೆಲಸ ಆರಂಭವಾಯಿತು. ಬಹುಪಾಲು ಕಾಲುವೆ ನೆಲದಡಿಯಲ್ಲೇ ಸಾಗಿತು. ಕೇವಲ 90 ಮೀಟರುಗಳಷ್ಟು ದೂರ ಮಾತ್ರ ಗೋಡೆ ಕಮಾನುಗಳ ಮೇಲೆ ಹಾದುಬಂತು. ಯುದ್ಧಕಾಲದಲ್ಲಿ ಶತ್ರುಗಳ ಕಣ್ಣಿಗೆ ಬೀಳದಂತಹ ಕಾಲುವೆ ಕ್ಷೇಮಕರವೂ ಆಗಿತ್ತು. ಮೂಲದಿಂದ ಕೊನೆಯವರೆಗಿನ ಇಳಿಜಾರು ಸುಮಾರು 10 ಮೀಟರು ಮಾತ್ರ. ಯಂತ್ರಗಳ ಸಹಾಯವಿಲ್ಲದೆ, ಕತ್ತಲೆಯಲ್ಲಿ ಬಂಡೆಯನ್ನು ಕೊರೆಯುತ್ತಾ, ಅಷ್ಟು ದೂರಕ್ಕೆ ಅಷ್ಟೇ ಇಳಿಜಾರನ್ನು ಕಾಯ್ದುಕೊಂಡ ಕೆಲಸಗಾರರ ಕೌಶಲ ಪ್ರಶಂಸನೀಯವಾದುದು. ಅವರಲ್ಲಿ ಒಬ್ಬನ ಹೆಸರೂ ಉಳಿದಿಲ್ಲ.

ಈ ಬುಗ್ಗೆಗಳನ್ನು ಹುಡುಕಿದವನು ಜೊತೆ ಸೆನ್ಸರನಾದ ಪ್ಲಾಟಿಯಸನು. ನೀರಿನ ಸಿರೆಗಳನ್ನು ಕಂಡುಹಿಡಿದವನೆಂಬ ಅರ್ಥದ ಬಿರುದೂ ಆತನಿಗೆ ಬಂದಿತ್ತು. ಆದರೆ ಅವಧಿ ತೀರಿದಾಗ, ಅಪ್ಪಿಯಸನೂ ತನ್ನಂತೆಯೇ ಅಧಿಕಾರವನ್ನು ಬಿಡುವನೆಂದು ನಂಬಿ ಪ್ಲಾಟಿಯಸನು ರಾಜೀನಾಮೆಯಿತ್ತನು. ಅಪ್ಪಿಯಸನು ಬಿಡಲಿಲ್ಲ. ಕಾಲುವೆ ಪೂರ್ಣಗೊಂಡಾಗ ಅಧಿಕಾರದಲ್ಲಿ ಉಳಿದಿದ್ದವನು ಒಬ್ಬನೇ ಆದುದರಿಂದ ಅದಕ್ಕೆ ಅಪ್ಪಿಯ ಜಲವೆಂಬ ಹೆಸರು ಸ್ಥಿರವಾಯಿತು. ನೀರನ್ನು ಹುಡುಕಿದವನ ಹೆಸರನ್ನು ಇಂದು ವಿದ್ವಾಂಸರು ಮಾತ್ರ ಬಲ್ಲರು.

ಎರಡನೆಯ ಕಾರ್ಯ ಹೆದ್ದಾರಿಯದು. ರೋಮಿನಿಂದ ದಕ್ಷಿಣದ ಕಾಪುವಾ ನಗರದವರೆಗೆ 132 ರೋಮನ್ ಮೈಲಿ, ಅಂದರೆ ಸುಮಾರು 195 ಕಿಲೋಮೀಟರು ದೂರ, ಸೇನೆಯೂ ದವಸದ ಬಂಡಿಗಳೂ ಎಲ್ಲ ಋತುಗಳಲ್ಲಿ ಸಾಗಬಲ್ಲ ಮಾರ್ಗವನ್ನು ಆತನು ಹಾಕಿಸಿದನು. ಸ್ಯಾಮ್ನೈಟರೊಡನೆ ಹೋರಾಡುತ್ತಿದ್ದ ಸೇನೆಗೆ ಬೇಗನೆ ನೆರವು ಮುಟ್ಟಿಸುವುದು ಇದರ ಉದ್ದೇಶ. ಗುಡ್ಡವನ್ನೂ ಜೌಗು ನೆಲವನ್ನೂ ಬಳಸಿಹೋಗುವ ಹಳೆಯ ಕಾಲುಹಾದಿಗಳಂತೆ ಅಂಕುಡೊಂಕಾಗದೆ ಅದು ಬಹುದೂರ ನೇರವಾಗಿ ಸಾಗಿತು. ಸಮುದ್ರತೀರದ ಟೆರಾಚೀನ ಊರಿನ ಈಚೆಗೆ ಇದ್ದ ಪೊಂಟೀನ್ ಜೌಗಿನ ನಡುವೆಯೂ ದಾರಿ ಮುಂದುವರಿಯಿತು. ಅಲ್ಲಿ ಅದರ ಪಕ್ಕದಲ್ಲಿ ದೋಣಿಗಳು ಸಾಗುವ ಕಾಲುವೆಯೂ ಮುಂದೆ ಬಳಕೆಗೆ ಬಂತು. ಆ ಜೌಗಿನ ಅಂಚಿನಲ್ಲಿ ಬೆಳೆದ ಊರೇ ಅಪ್ಪಿಯ ಪೇಟೆ.

ನಮಗೆ ಚಿತ್ರಗಳಲ್ಲಿ ಕಾಣುವ ಕರಿಯ ಕಗ್ಗಲ್ಲುಗಳ ಹಾಸು ಅಪ್ಪಿಯಸನು ಹಾಕಿಸಿದ್ದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಆತನ ಕಾಲದಲ್ಲಿ ಹಾದಿಯ ಮೇಲೆ ಜಲ್ಲಿಯನ್ನು ಹಾಸಿ ದಮ್ಮಸು ಮಾಡಲಾಗಿತ್ತು. ಕೆಲವು ವರ್ಷಗಳ ಬಳಿಕ, ಆತನು ಬದುಕಿದ್ದಾಗಲೇ, ನಗರದ ಸಮೀಪದ ಭಾಗಕ್ಕೆ ಕಲ್ಲು ಹಾಸುವ ಕೆಲಸ ಆರಂಭವಾಗಿ ತಲೆಮಾರುಗಳವರೆಗೆ ಮುಂದುವರಿಯಿತು. ಎರಡು ಬಂಡಿಗಳು ಎದುರುಬದುರಾಗಿ ಹಾಯಬಲ್ಲ ಸುಮಾರು ನಾಲ್ಕು ಮೀಟರು ಅಗಲ, ನೀರು ಇಳಿದುಹೋಗಲು ಇಕ್ಕೆಲದಲ್ಲಿ ಇಳಿಜಾರು, ಮೈಲಿಗೊಂದು ಕಲ್ಲು ಇವುಗಳಿಂದ ಕೂಡಿದ ಈ ಹಾದಿ ಮುಂದಿನ ರೋಮನ್ ರಸ್ತೆಗಳಿಗೆಲ್ಲ ಮಾದರಿಯಾಯಿತು. ರೋಮನರು ಇದನ್ನು ಹಾದಿಗಳ ರಾಣಿಯೆಂದು ಕರೆದರು.

ಇಷ್ಟೆಲ್ಲ ಕಾಮಗಾರಿಗೆ ಸೆನೆಟ್ ಸಭೆಯ ಅಪ್ಪಣೆಯನ್ನು ಪಡೆಯದೆ ಬೊಕ್ಕಸದ ಹಣವನ್ನು ಆತನು ಸುರಿದನೆಂದು ಪ್ರಾಚೀನ ಚರಿತ್ರಕಾರ ಡಿಯೋಡೋರಸನು ಬರೆದಿದ್ದಾನೆ. ಆತನ ಮೇಲೆ ಹಿರಿಯರ ಕೋಪಕ್ಕೆ ಇನ್ನೂ ಬಲವಾದ ಕಾರಣವಿತ್ತು. ದಾಸ್ಯದಿಂದ ಬಿಡುಗಡೆ ಹೊಂದಿದವರ ಮಕ್ಕಳ ಹೆಸರುಗಳನ್ನು ಆತನು ಸೆನೆಟಿನ ಪಟ್ಟಿಯಲ್ಲಿ ಸೇರಿಸಿದನು. ಭೂಮಿಯಿಲ್ಲದ ನಗರವಾಸಿಗಳಿಗೂ ತಮಗೆ ಬೇಕಾದ ಮತಗಣದಲ್ಲಿ ಸೇರುವ ಹಕ್ಕನ್ನು ಕೊಟ್ಟನು. ಕುಲೀನರು ರೇಗಿದರು. ಮರುವರ್ಷದ ಕಾನ್ಸಲರು ಆತನ ಪಟ್ಟಿಯನ್ನು ಅಲಕ್ಷಿಸಿ ಹಳೆಯ ಪಟ್ಟಿಯಂತೆಯೇ ಸಭೆಯನ್ನು ಕರೆದರು. ಅವಧಿ ಮುಗಿದರೂ ಪದವಿ ಬಿಡದ ಆತನನ್ನು ಸೆರೆಯಲ್ಲಿಡಬೇಕೆಂದು ಪ್ರಜಾಪ್ರತಿನಿಧಿಯೊಬ್ಬನು ಆಜ್ಞೆ ಮಾಡಿದಾಗ ಆರು ಮಂದಿ ಪ್ರತಿನಿಧಿಗಳು ಸಮ್ಮತಿಸಿದರು. ಮೂವರು ಅಪ್ಪಿಯಸನ ಪಕ್ಷ ವಹಿಸಿದರು. ಆ ಮೂವರ ಬಲದಿಂದಲೇ ಆತನು ಪಾರಾದನು.

ಆತನ ಆಶ್ರಯದಲ್ಲಿದ್ದ ಗ್ನೇಯಸ್ ಫ್ಲೇವಿಯಸ್ ಎಂಬ ಕರಣಿಕನು ಬಿಡುಗಡೆ ಹೊಂದಿದ ದಾಸನ ಮಗ. ನ್ಯಾಯಾಲಯಗಳು ಯಾವ ದಿನ ತೆರೆದಿರುತ್ತವೆ, ದಾವೆಯನ್ನು ಯಾವ ಕ್ರಮದಲ್ಲಿ ಹೂಡಬೇಕು ಎಂಬ ಸಂಗತಿಗಳನ್ನು ಪುರೋಹಿತ ವರ್ಗದವರು ಆವರೆಗೆ ತಮ್ಮಲ್ಲೇ ಬಚ್ಚಿಟ್ಟುಕೊಂಡಿದ್ದರು. ಕ್ರಿ.ಪೂ. 304ರಲ್ಲಿ ಫ್ಲೇವಿಯಸನು ಅವುಗಳನ್ನು ಬಿಳಿಯ ಹಲಗೆಗಳ ಮೇಲೆ ಬರೆದು ಪೇಟೆಯ ಚೌಕದಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಿದನು. ಇದರ ಹಿಂದೆ ಅಪ್ಪಿಯಸನ ಬೆಂಬಲವಿತ್ತೆಂಬುದು ಪರಂಪರೆಯ ಮಾತು. ಹಾಗೆಂದು ಆತನನ್ನು ಬಡವರ ಬಂಧುವೆಂದು ಸಾರಿಬಿಡುವಂತಿಲ್ಲ. ಕ್ರಿ.ಪೂ. 300ರಲ್ಲಿ ಸಾಮಾನ್ಯ ಪ್ರಜೆಗಳಿಗೂ ಪುರೋಹಿತ ಸ್ಥಾನಗಳನ್ನು ತೆರೆದಿಡುವ ಶಾಸನ ಬಂದಾಗ ಅದನ್ನು ಬಲವಾಗಿ ವಿರೋಧಿಸಿದವನೂ ಆತನೇ.

ಕ್ರಿ.ಪೂ. 307 ಮತ್ತು 296ರಲ್ಲಿ ಆತನು ಕಾನ್ಸಲ್ ಆದನು. ಎರಡನೆಯ ಸಲ ಎಟ್ರುಸ್ಕನರೊಡನೆ ಕಾದುವಾಗ ಬೆಲೋನಾ ಎಂಬ ಯುದ್ಧದೇವತೆಗೆ ಮಂದಿರದ ಹರಕೆ ಹೊತ್ತನು. ಅಕ್ಷರವಿದ್ಯೆಯಲ್ಲಿಯೂ ಆತನಿಗೆ ಆಸಕ್ತಿಯಿತ್ತು. ಲ್ಯಾಟಿನ್ ಬರಹದ ಅಕ್ಷರಕ್ರಮದಲ್ಲಿ ಆತನು ಸುಧಾರಣೆ ಮಾಡಿದನೆಂದು ಹೇಳುವರು; ನೀತಿವಾಕ್ಯಗಳ ಸಂಗ್ರಹವೊಂದು ಆತನ ಹೆಸರಿನಲ್ಲಿ ಪ್ರಚಲಿತವಾಗಿತ್ತು. ನಮ್ಮ ಧರ್ಮಸಭೆಯು ಶತಶತಮಾನಗಳ ಕಾಲ ಪೂಜಾವಿಧಿಯಲ್ಲಿ ಬಳಸಿದ ಲ್ಯಾಟಿನ್ ಭಾಷೆಯ ಬರಹಗಾರರಲ್ಲಿ ಹೆಸರು ತಿಳಿದಿರುವ ಮೊದಲಿಗರ ಸಾಲಿನಲ್ಲಿ ಆತನೂ ಒಬ್ಬನು.

ಇಳಿವಯಸ್ಸಿನಲ್ಲಿ ಆತನ ಕಣ್ಣುಗಳು ಹೋದವು. ಕುರುಡನೆಂಬ ಅರ್ಥದ ಕೈಕಸ್ ಎಂಬ ಅಡ್ಡಹೆಸರು ಆತನಿಗೆ ಅಂಟಿಕೊಂಡದ್ದು ಇದರಿಂದ. ಹರ್ಕ್ಯುಲಿಸನ ಆರಾಧನೆಯನ್ನು ಅದರ ಹಕ್ಕುದಾರ ಮನೆತನದಿಂದ ತಪ್ಪಿಸಿ ಸರಕಾರದ ದಾಸರಿಗೆ ವಹಿಸಿದ್ದಕ್ಕಾಗಿ ದೇವತೆಗಳು ಮುನಿದು ಆತನ ಕಣ್ಣುಗಳನ್ನು ಕಿತ್ತುಕೊಂಡರೆಂದು ಅಂದಿನವರು ಕಥೆ ಕಟ್ಟಿದರು. ದೃಷ್ಟಿಹೀನತೆಯನ್ನು ಪಾಪದ ಫಲವೆಂದು ಎಣಿಸುವ ತಪ್ಪು ಎಲ್ಲ ಕಾಲದಲ್ಲಿಯೂ ನಡೆದುಬಂದಿದೆ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಕೇಳಿದ ಪ್ರಶ್ನೆಯನ್ನೂ ಅದಕ್ಕೆ ಪ್ರಭು ಕ್ರಿಸ್ತರು ಕೊಟ್ಟ ಉತ್ತರವನ್ನೂ ಶುಭಸಂದೇಶದಲ್ಲಿ ನಾವು ಓದಿದ್ದೇವೆ. ಅಪ್ಪಿಯಸನು ಮಾತ್ರ ಕುಗ್ಗಲಿಲ್ಲ. ನಾಲ್ವರು ಗಂಡುಮಕ್ಕಳು, ಐವರು ಹೆಣ್ಣುಮಕ್ಕಳು, ಬಹುಸಂಖ್ಯೆಯ ಆಶ್ರಿತರು ಇದ್ದ ದೊಡ್ಡ ಸಂಸಾರವನ್ನು ಮುದುಕನೂ ಕುರುಡನೂ ಆಗಿದ್ದುಕೊಂಡೇ ಹತೋಟಿಯಲ್ಲಿಟ್ಟು ನಡೆಸಿದನೆಂದು ಸಿಸೆರೊ ಮಹಾಶಯನು ವೃದ್ಧಾಪ್ಯವನ್ನು ಕುರಿತ ತನ್ನ ಗ್ರಂಥದಲ್ಲಿ ಶ್ಲಾಘಿಸಿದ್ದಾನೆ.

ಆ ಕುರುಡನ ಬಾಳಿನ ಕೊನೆಯ ದೊಡ್ಡ ದಿನ ಗ್ರೀಕರ ಎಪೈರಸ್ ನಾಡಿನ ಅರಸ ಪಿರ್ಹಸನ ನಿಮಿತ್ತವಾಗಿ ಬಂತು. ಕ್ರಿ.ಪೂ. 280ರಲ್ಲಿ ಪಿರ್ಹಸನು ಆನೆಗಳೊಡನೆ ಇಟಲಿಗೆ ಬಂದಿಳಿದು ಹೆರಾಕ್ಲಿಯ ಎಂಬಲ್ಲಿ ರೋಮನರನ್ನು ಸೋಲಿಸಿದನು. ಅನಂತರ ತನ್ನ ಮಂತ್ರಿ ಸೀನಿಯಸನನ್ನು ಸಂಧಿಗಾಗಿ ರೋಮಿಗೆ ಕಳುಹಿಸಿದನು. ಸೀನಿಯಸನು ವಾಕ್ಚತುರ. ಸೋತು ಕಂಗಾಲಾಗಿದ್ದ ಸೆನೆಟ್ ಸಭೆಯಲ್ಲಿ ಅನೇಕರು ಸಂಧಿಗೆ ಒಲಿದರು. ಈ ಸುದ್ದಿ ಮನೆಯಲ್ಲಿದ್ದ ಅಪ್ಪಿಯಸನಿಗೆ ಮುಟ್ಟಿತು. ಆತನು ಸಾರ್ವಜನಿಕ ಜೀವನವನ್ನು ತ್ಯಜಿಸಿ ಬಹುಕಾಲವಾಗಿತ್ತು. ಆದರೂ ಸೇವಕರ ಹೆಗಲ ಮೇಲೆ ಡೋಲಿಯಲ್ಲಿ ಕುಳಿತು ಪೇಟೆಯ ನಡುವೆ ಸಾಗಿ ಸಭಾಗೃಹದ ಬಾಗಿಲಿಗೆ ಬಂದನು. ಮಕ್ಕಳೂ ಅಳಿಯಂದಿರೂ ಆತನನ್ನು ಕೈಹಿಡಿದು ಒಳಗೆ ಕರೆತಂದರು. ಸಭೆ ಗೌರವದಿಂದ ಮೌನವಾಯಿತು. ಕಣ್ಣಿಲ್ಲದಂತೆ ಕಿವಿಯೂ ಇಲ್ಲದಿದ್ದರೆ ಇಂತಹ ಹೇಡಿತನದ ಮಾತುಗಳನ್ನು ಕೇಳಬೇಕಾಗುತ್ತಿರಲಿಲ್ಲವೆಂದು ಆತನು ಸಭಿಕರನ್ನು ಜರೆದನು. ಶತ್ರು ಇಟಲಿಯ ನೆಲವನ್ನು ಬಿಟ್ಟುಹೋಗುವವರೆಗೆ ಸಂಧಿಯ ಮಾತೇ ಸಲ್ಲದೆಂದು ವಾದಿಸಿದನು. ಸಭೆ ಮನಸ್ಸು ಬದಲಿಸಿತು. ಸೀನಿಯಸನು ಬರಿಗೈಯಲ್ಲಿ ಹಿಂದಿರುಗಿದನು. ಕ್ರಿ.ಪೂ. 275ರಲ್ಲಿ ಪಿರ್ಹಸನು ಇಟಲಿಯನ್ನು ಬಿಟ್ಟು ತೆರಳಿದನು. ಆ ಭಾಷಣದ ಬರಹ ಎರಡು ಶತಮಾನಗಳ ಮೇಲೆಯೂ, ಸಿಸೆರೊನ ಕಾಲದಲ್ಲಿ, ಓದುವವರ ಕೈಯಲ್ಲಿತ್ತು.

ಅಪ್ಪಿಯಸನು ತೀರಿಕೊಂಡ ಬಳಿಕ ಆತನ ಹಾದಿ ಹಂತಹಂತವಾಗಿ ಬೆಳೆದು ಬೆನೆವೆಂಟಮ್, ಟಾರೆಂಟಮ್ ನಗರಗಳನ್ನು ಹಾದು ಪೂರ್ವ ಕಡಲಿನ ಬ್ರಿಂಡಿಸಿ ಬಂದರನ್ನು ಸೇರಿತು. ಒಟ್ಟು ಉದ್ದ ಸುಮಾರು 540 ಕಿಲೋಮೀಟರಾಯಿತು. ಗ್ರೀಸಿಗೂ ಪೂರ್ವ ದೇಶಗಳಿಗೂ ರೋಮನ್ ಸೇನೆಗಳು ಹೊರಟದ್ದು ಇದರಲ್ಲಿಯೇ. ಗೆದ್ದ ನಾಡುಗಳ ಸೆರೆಯಾಳುಗಳು ಬಂದದ್ದೂ ಇದರಲ್ಲಿಯೇ. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸನ ನೇತೃತ್ವದಲ್ಲಿ ದಂಗೆಯೆದ್ದ ದಾಸರು ಸೋತಾಗ, ಸೆರೆಸಿಕ್ಕ ಸುಮಾರು 6,000 ಮಂದಿಯನ್ನು ಕಾಪುವಾದಿಂದ ರೋಮಿನವರೆಗೆ ಈ ಹಾದಿಯ ಉದ್ದಕ್ಕೂ ಶಿಲುಬೆಗೇರಿಸಲಾಯಿತು. ಹಾದಿಗಳ ರಾಣಿಯ ಚರಿತ್ರೆಯಲ್ಲಿ ಇದಕ್ಕಿಂತ ಘೋರವಾದ ಪುಟವಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅಪ್ಪಿಯಸನ ಇಬ್ಬರು ಗಂಡುಮಕ್ಕಳ ಸಂತತಿಯಲ್ಲಿ ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಹುಟ್ಟಿಬಂದವನು ಟಿಬೇರಿಯಸ್ ಚಕ್ರವರ್ತಿ. ಆತನ ಆಳ್ವಿಕೆಯಲ್ಲಿಯೇ ನಮ್ಮ ಪ್ರಭು ಯೇಸುಕ್ರಿಸ್ತರು ಜೆರುಸಲೇಮಿನಲ್ಲಿ ಶಿಲುಬೆಗೇರಿದರು.

ಆ ಬಳಿಕ ಮೂವತ್ತು ವರ್ಷಗಳ ಸುಮಾರಿಗೆ, ಪೊತಿಯೋಲಿ ಬಂದರಿನಲ್ಲಿ ಹಡಗಿನಿಂದಿಳಿದು ಏಳು ದಿನ ತಂಗಿದ್ದ ಸಂತ ಪೌಲರು ಕಾವಲಿನೊಡನೆ ಉತ್ತರಕ್ಕೆ ಹೊರಟು ಅಪ್ಪಿಯ ಹೆದ್ದಾರಿಯಲ್ಲಿ ರೋಮನ್ನು ಸಮೀಪಿಸಿದರು. ಅಪ್ಪಿಯ ಪೇಟೆ ನಗರದಿಂದ ಸುಮಾರು 64 ಕಿಲೋಮೀಟರು ದೂರ. ಇನ್ನು ಕೆಲವರು ಕಾದಿದ್ದ ಮೂರು ಛತ್ರವೆಂಬ ಸ್ಥಳ ಸುಮಾರು 49 ಕಿಲೋಮೀಟರು. ಅಷ್ಟು ದೂರವನ್ನು ನಡೆದು, ಮುಖಪರಿಚಯವೂ ಇಲ್ಲದ ಒಬ್ಬ ಸೆರೆಯಾಳನ್ನು ಸ್ವಾಗತಿಸಲು ಬಂದ ಆ ಮೊದಲ ಕ್ರೈಸ್ತರ ಹೆಸರುಗಳೂ, ಹಾದಿಯ ಕಲ್ಲು ಹೊತ್ತವರ ಹೆಸರುಗಳಂತೆಯೇ, ನಮಗೆ ಉಳಿದುಬಂದಿಲ್ಲ.

ನಗರದೊಳಗೆ ಶವಸಂಸ್ಕಾರ ಮಾಡಕೂಡದೆಂಬುದು ರೋಮನರ ಕಟ್ಟಳೆಯಾಗಿತ್ತು. ಆದುದರಿಂದ ಶ್ರೀಮಂತರು ಹೆದ್ದಾರಿಯ ಇಕ್ಕೆಲಗಳಲ್ಲಿ ಗೋರಿಗಳನ್ನು ಕಟ್ಟಿಸಿಕೊಂಡರು. ಅಪ್ಪಿಯಸನ ಸಮಕಾಲೀನನೂ ಕ್ರಿ.ಪೂ. 298ರ ಕಾನ್ಸಲನೂ ಆಗಿದ್ದ ಸ್ಕಿಪಿಯೊ ಬಾರ್ಬಾಟಸನ ಶಿಲಾಪೆಟ್ಟಿಗೆ ಈ ಹಾದಿಯ ಬದಿಯ ಗೋರಿಯಲ್ಲಿತ್ತು. ಈಗ ಅದನ್ನು ವ್ಯಾಟಿಕನ್ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಕ್ರೈಸ್ತರೂ ತಮ್ಮ ಮೃತರನ್ನು ಇದೇ ಹಾದಿಯ ಬದಿಯ ಮೆದುಗಲ್ಲಿನ ನೆಲದಡಿ ಸುರಂಗಗಳನ್ನು ತೋಡಿ ಸಮಾಧಿ ಮಾಡಿದರು. ಸಂತ ಕಲಿಸ್ತರ ಹೆಸರಿನ ನೆಲದಡಿಯ ಸ್ಮಶಾನದಲ್ಲಿ ಮೂರನೆಯ ಶತಮಾನದ ಒಂಬತ್ತು ಮಂದಿ ಪೋಪರು ವಿಶ್ರಮಿಸಿದರು. ಮರೆತುಹೋಗಿದ್ದ ಅವರ ಸಮಾಧಿಕೋಣೆಯನ್ನು 1854ರಲ್ಲಿ ಜೊವಾನ್ನಿ ಬತಿಸ್ತ ದೆ ರೊಸ್ಸಿ ಎಂಬ ವಿದ್ವಾಂಸರು ಪತ್ತೆ ಮಾಡಿದರು. ಸಮೀಪದಲ್ಲಿಯೇ ಸಂತ ಸೆಬಾಸ್ಟಿಯನ್ನರ ಮಹಾದೇವಾಲಯವಿದೆ. ಹಿಂಸೆಗೆ ಅಂಜಿ ನಗರವನ್ನು ತೊರೆಯುತ್ತಿದ್ದ ಸಂತ ಪೇತ್ರರಿಗೆ ಪ್ರಭುವು ಎದುರಾದದ್ದೂ, ಅವರು ನಾಚಿ ರಕ್ತಸಾಕ್ಷಿಯಾಗಲು ಹಿಂದಿರುಗಿದ್ದೂ ಈ ಹಾದಿಯಲ್ಲಿಯೇ ಎಂಬುದು ಪುರಾತನ ಐತಿಹ್ಯ. ಆ ಸ್ಥಳದಲ್ಲಿ ಒಂದು ಚಿಕ್ಕ ದೇವಾಲಯವಿದೆ.

ಅಪ್ಪಿಯಸನ ಕಾಲುವೆ ಬಹುಕಾಲದ ಹಿಂದೆಯೇ ಬತ್ತಿತು. 2017ರಲ್ಲಿ ರೋಮಿನ ಭೂಗತ ರೈಲುಮಾರ್ಗದ ಕಾಮಗಾರಿಯ ವೇಳೆ ಹದಿನೇಳು ಹದಿನೆಂಟು ಮೀಟರು ಆಳದಲ್ಲಿ ಮೂವತ್ತು ಮೀಟರಿಗೂ ಮಿಕ್ಕಿದ ಪುರಾತನ ಕಾಲುವೆಯೊಂದು ಬೆಳಕಿಗೆ ಬಂದದ್ದನ್ನು ಪ್ರಕಟಿಸಲಾಯಿತು. ಅದು ಅಪ್ಪಿಯ ಜಲದ ಭಾಗವಿರಬಹುದೆಂದು ಉತ್ಖನನಕಾರರು ಅಭಿಪ್ರಾಯಪಟ್ಟರು. ಹೆದ್ದಾರಿಯನ್ನು 2024ರಲ್ಲಿ ಯುನೆಸ್ಕೋ ಸಂಸ್ಥೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬಂಡಿಯ ಗಾಲಿಗಳು ಸವೆಸಿದ ಗೆರೆಗಳು ಅದರ ಕಲ್ಲುಗಳ ಮೇಲೆ ಇಂದಿಗೂ ಕಾಣುತ್ತವೆ.

ಅಪ್ಪಿಯಸನು ದಂಡುಗಳಿಗಾಗಿ ಹಾದಿ ಹಾಕಿಸಿದನು. ತನ್ನ ಹೆಸರು ಉಳಿಯಲೆಂದು ಜೊತೆಗಾರನಿಗೆ ಸಲ್ಲಬೇಕಾದುದನ್ನೂ ಕಿತ್ತುಕೊಂಡನು. ಹೆಸರೇನೋ ಉಳಿಯಿತು. ಆದರೆ ಲೋಕದ ಎಲ್ಲೆಡೆಗಳಲ್ಲಿ, ಲ್ಯಾಟಿನ್ ಚರಿತ್ರೆಯನ್ನು ಎಂದೂ ತೆರೆಯದ ಜನರ ನಾಲಗೆಯ ಮೇಲೂ ಅದು ಬರುತ್ತಿರುವುದು ಆತನು ಗೆದ್ದ ಯುದ್ಧಗಳಿಂದಲ್ಲ; ಸಂಕೋಲೆ ತೊಟ್ಟ ಒಬ್ಬ ಪ್ರೇಷಿತರು ಆತನ ಹಾದಿಯಲ್ಲಿ ನಡೆದರೆಂಬ ಕಾರಣದಿಂದ. ಮನುಷ್ಯರು ತಮ್ಮ ತಮ್ಮ ಉದ್ದೇಶಗಳಿಂದ ಕಟ್ಟುವುದನ್ನು ದೇವರು ತಮ್ಮ ಕಾಲದಲ್ಲಿ ತಮ್ಮ ಕಾರ್ಯಕ್ಕೆ ತೆಗೆದುಕೊಳ್ಳುತ್ತಾರೆ. ಮುಂದೆ ಪ್ರೇಷಿತರ ಕಾರ್ಯಕಲಾಪಗಳ ಆ ಅಧ್ಯಾಯವನ್ನು ಓದುವಾಗ, ಅಪ್ಪಿಯ ಪೇಟೆಯ ಹೆಸರು ಬಂದೆಡೆಯಲ್ಲಿ ಕ್ಷಣಕಾಲ ನಿಂತು, ಆ ಕುರುಡ ಮುದುಕನನ್ನೂ, ಹೆಸರು ಉಳಿಯದ ಕೆಲಸಗಾರರನ್ನೂ, ಶಿಲುಬೆಗಳ ಮೇಲೆ ಸತ್ತ ದಾಸರನ್ನೂ, ಅರುವತ್ತು ಕಿಲೋಮೀಟರಿಗೂ ಹೆಚ್ಚು ದೂರ ನಡೆದುಬಂದ ಆ ಸಹೋದರರನ್ನೂ ನೆನೆಯೋಣ.